ಹೊತ್ತು ನೋಡಿ ಘಟ್ಟ ಹತ್ತಿ



ಮೈಸೂರಿನಿಂದ ಗುಂಡ್ಲುಪೇಟೆಯ ಮೇಲೆ ಊಟಿಗೆ ಹೋಗುವ ದಾರಿಯಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ವಾಹನ ಆಗೀಗ ಕಾಣಿಸುತ್ತದೆ. ಹೊರಗಿನಿಂದ ನೋಡಿದರೆ ಮಿನಿ ಬಸ್ಸು. ಒಳಗೆ ಸಂಸಾರಕ್ಕೆ ಬೇಕಾದದ್ದೆಲ್ಲ ಇದೆ. ಮಲಗಲು ನಾಲ್ಕು ಜನಕ್ಕೆ ಹಾಸಿಗೆ, ಒಂದು ಸಣ್ಣ ಒಲೆ, ಫ್ರಿಜ್ಜು, ಕೈತೊಳೆಯಲು ನಲ್ಲಿ, ಮೂಲೆಯಲ್ಲಿ ಶೌಚಾಲಯ. ಸಿನಿಮಾ ಚಿತ್ರೀಕರಣದ ಜಾಗದಲ್ಲಿ ನಟನಟಿಯರಿಗಾಗಿ ನಿಲ್ಲಿಸಿರುತ್ತಾರಲ್ಲ, ಆ ಕ್ಯಾರವಾನ್. ಅದೇ ಈಗ ಸಾಮಾನ್ಯ ಪ್ರವಾಸಿಗರಿಗೂ ಬಾಡಿಗೆಗೆ ಸಿಗುತ್ತಿದೆ. 2020ರ ಸುಮಾರಿಗೆ ನಮ್ಮ ರಾಜ್ಯದ ಪ್ರವಾಸೋದ್ಯಮ ಇಲಾಖೆ ಇದಕ್ಕೆ ಕೈಜೋಡಿಸಿತು. 2021ರಲ್ಲಿ ಕೇರಳ ಇದಕ್ಕೆಂದೇ ಒಂದು ನೀತಿಯನ್ನು ತಂದಿತು.

ಇಂಥ ಗಾಡಿಯಲ್ಲಿ ಮಲೆನಾಡಿಗೋ ಬೆಟ್ಟಗಳಿಗೋ ಹೊರಡುವ ಆಸೆ ನಿಮಗೂ ಇದ್ದೀತು. ಹೊರಡುವವರು ಮೊದಲು ಕೇಳುವುದು, ಎಲ್ಲಿಗೆ ಹೋಗೋಣ, ಏನೇನು ಕಟ್ಟಿಕೊಳ್ಳೋಣ ಎಂದು. ನಮ್ಮ ಚಾಮರಾಜನಗರ ಜಿಲ್ಲೆಯ ಬೆಟ್ಟದ ದಾರಿಗಳ ಮಟ್ಟಿಗೆ ನಾನು ಬೇರೆ ಪ್ರಶ್ನೆಯಿಂದ ಶುರುಮಾಡುತ್ತೇನೆ. ಎಷ್ಟು ಹೊತ್ತಿಗೆ ಎಲ್ಲಿರಬೇಕು? ಇಲ್ಲಿ ದಾರಿ ಕಾಡಿನದು. ಕಾಡಿಗೆ ತನ್ನದೇ ಗಡಿಯಾರವಿದೆ. ಆ ಗಡಿಯಾರಕ್ಕೆ ನಮ್ಮ ಪ್ರಯಾಣವನ್ನು ಹೊಂದಿಸಿಕೊಳ್ಳುವುದು ಹೇಗೆ ಎಂಬುದೇ ಇಂದಿನ ಮಾತು.

ಮೊದಲು ದಿಕ್ಕು ತಿಳಿದುಕೊಳ್ಳೋಣ. ಬಾನುಲಿಯಲ್ಲಿ ನಕ್ಷೆ ತೋರಿಸಲಾಗದು. ಆದ್ದರಿಂದ ನೀವು ಗುಂಡ್ಲುಪೇಟೆಯ ನಡುವೆ ದಕ್ಷಿಣಕ್ಕೆ ಮುಖಮಾಡಿ ನಿಂತಿದ್ದೀರಿ ಎಂದುಕೊಳ್ಳಿ. ನಿಮ್ಮ ಬೆನ್ನಿಗೆ ನಂಜನಗೂಡು, ಅದರಾಚೆ ಮೈಸೂರು. ಅಲ್ಲಿಂದ ನೀವು ಬಂದದ್ದು ಸುಮಾರು 60 ಕಿಲೋಮೀಟರ್. ನಿಮ್ಮ ಎಡಗೈಯ ಕಡೆ ತೆರಕಣಾಂಬಿ, ಮುಂದೆ ಚಾಮರಾಜನಗರ. ಅದು ಸುಮಾರು 35 ಕಿಲೋಮೀಟರ್. ಮೂಗಿನ ನೇರಕ್ಕೆ ಹಂಗಳ, ಮೇಲುಕಾಮನಹಳ್ಳಿ, ಬಂಡೀಪುರ, ಕೊನೆಗೆ ಊಟಿ. ಬಲಗೈಯ ಕಡೆ ಮದ್ದೂರು, ಮೂಲೆಹೊಳೆ, ಮುತ್ತಂಗ, ಆಚೆಗೆ ವಯನಾಡಿನ ಸುಲ್ತಾನ್ ಬತ್ತೇರಿ. ಈ ಮದ್ದೂರು ಮಂಡ್ಯದ ಮದ್ದೂರಲ್ಲ, ಕಾಡಂಚಿನ ಸಣ್ಣ ಊರು.

ಇನ್ನು ಚಾಮರಾಜನಗರಕ್ಕೆ ಹೋಗಿ ಹಾಗೆಯೇ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿ. ಎದುರಿಗೆ ಪುಣಜನೂರು, ಹಾಸನೂರು, ದಿಂಬಂ ಘಟ್ಟ. ಘಟ್ಟ ಇಳಿದರೆ ಬಣ್ಣಾರಿ, ಸತ್ಯಮಂಗಲ. ಎಡಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು. ಆ ಸಾಲಿನ ಆಚೆ, ಕೊಳ್ಳೇಗಾಲ ಹನೂರು ದಾಟಿದರೆ, ಮಲೆ ಮಹದೇಶ್ವರ ಬೆಟ್ಟ.

ಗಮನಿಸಿದಿರಾ? ಬೆನ್ನಹಿಂದಿನ ಮೈಸೂರನ್ನೂ ಈ ಎರಡು ಊರುಗಳ ನಡುವಿನ ದಾರಿಯನ್ನೂ ಬಿಟ್ಟರೆ, ಹತ್ತಿರದ ಯಾವ ಬೆಟ್ಟದ ಕಡೆ ತಿರುಗಿದರೂ ಅರ್ಧ ಗಂಟೆ, ಮುಕ್ಕಾಲು ಗಂಟೆಯೊಳಗೆ ಕಾಡು ಬರುತ್ತದೆ. ಬಂಡೀಪುರ 1973ರಲ್ಲಿ ದೇಶದ ಮೊದಲ ಹುಲಿ ಯೋಜನೆಯ ಕಾಡುಗಳಲ್ಲಿ ಒಂದಾಯಿತು. ಅದಕ್ಕೂ ಮೊದಲು ಅದು ಮೈಸೂರು ಅರಸರ ಕಾಲದ ವೇಣುಗೋಪಾಲ ವನ್ಯಜೀವಿ ಉದ್ಯಾನದ ಭಾಗ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಗಡಿಯಾಚೆಯ ಮುದುಮಲೈ, ಸತ್ಯಮಂಗಲ, ವಯನಾಡು, ಎಲ್ಲವೂ ಇದಕ್ಕೆ ಹೊಂದಿಕೊಂಡೇ ಇವೆ. ಆನೆಗೆ ಇದು ಮೂರು ರಾಜ್ಯವಲ್ಲ, ಒಂದೇ ಕಾಡು.

ದಿಕ್ಕಿನ ಮಾತು ಮುಗಿಯಿತು. ಗುಂಡ್ಲುಪೇಟೆ, ಚಾಮರಾಜನಗರ ಎರಡೂ ಬಯಲಿನ ಊರುಗಳು, ಅಲ್ಲಿಂದ ಹೊರಡುವ ಬೆಟ್ಟದ ದಾರಿಗಳೆಲ್ಲ ಕಾಡಿನೊಳಗಿನ ದಾರಿಗಳು. ಈಗ ಆ ದಾರಿಗಳ ಹೊತ್ತು ಯಾವುದು ಎಂದು ನೋಡೋಣ.

ಬಂಡೀಪುರದೊಳಗೆ ಎರಡು ರಾಷ್ಟ್ರೀಯ ಹೆದ್ದಾರಿಗಳು ಹಾದುಹೋಗುತ್ತವೆ. ಒಂದು ಊಟಿ ಕಡೆಗೆ, ಇನ್ನೊಂದು ಬತ್ತೇರಿ ಕಡೆಗೆ. ಎರಡರಲ್ಲೂ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ವಾಹನ ಸಂಚಾರವಿಲ್ಲ. ಬೆರಳೆಣಿಕೆಯ ಸಾರಿಗೆ ಬಸ್ಸುಗಳಿಗೆ ಮತ್ತು ಆಂಬುಲೆನ್ಸಿನಂಥ ತುರ್ತು ವಾಹನಗಳಿಗೆ ಮಾತ್ರ ಗೇಟು ತೆಗೆಯುತ್ತಾರೆ.

ಈ ನಿಯಮ ಸುಲಭವಾಗಿ ಬಂದದ್ದಲ್ಲ. 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಡಳಿತ ಮೊದಲು ಆದೇಶ ಹೊರಡಿಸಿತು. ರಾತ್ರಿ ಓಡುವ ಲಾರಿ ಕಾರುಗಳಿಗೆ ಸಿಕ್ಕಿ ಜಿಂಕೆ, ಕಾಡುಬೆಕ್ಕು, ಚಿರತೆ, ಆನೆಮರಿಗಳವರೆಗೆ ಸಾಯುತ್ತಿದ್ದವು. ಆದೇಶಕ್ಕೆ ವಿರೋಧ ಬಂತು. ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು. ವಿಷಯ ಹೈಕೋರ್ಟಿಗೆ ಹೋಯಿತು. ನಿರ್ಬಂಧ ಮತ್ತೆ ಜಾರಿಗೆ ಬಂತು. 2010ರ ಮಾರ್ಚ್‌ನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಇಂದಿನವರೆಗೆ ಇದನ್ನು ಸಡಿಲಿಸಬೇಕೆಂಬ ಬೇಡಿಕೆ ಆಗಾಗ ಬರುತ್ತಲೇ ಇದೆ. ಸಡಿಲಿಸಬಾರದು ಎಂದು ನಾನು ನಂಬಿದ್ದೇನೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಹದಿನೈದು ಗಂಟೆ ನಮಗೆ ಸಿಕ್ಕಿದೆ. ಕಾಡಿಗೆ ಒಂಬತ್ತು ಗಂಟೆ ಹೆಚ್ಚೇನೂ ಆಗಲಿಲ್ಲ.

ಚಾಮರಾಜನಗರದ ಎದುರಿನ ದಿಂಬಂ ದಾರಿಗೂ ಇಂಥದೇ ಕಟ್ಟಳೆ ಇದೆ. ಅಲ್ಲಿ ತಮಿಳುನಾಡಿನ ಕಡೆ 2022ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿ ನಿರ್ಬಂಧ ಜಾರಿಯಾಯಿತು. ಸರಕು ಸಾಗಿಸುವ ದೊಡ್ಡ ವಾಹನಗಳಿಗೆ ಸಂಜೆ 6ಕ್ಕೇ ದಾರಿ ಮುಚ್ಚುವುದೆಂದೂ, ಕಾರುಗಳಿಗೆ ರಾತ್ರಿ 9ಕ್ಕೆಂದೂ ಆಗ ಗೊತ್ತುಮಾಡಿದರು. ನಿಮ್ಮ ಕ್ಯಾರವಾನ್ ಇದರಲ್ಲಿ ಯಾವ ಸಾಲಿಗೆ ಸೇರುತ್ತದೆ ಎಂದು ಗೇಟಿನ ಬಳಿ ವಾದ ಮಾಡುವ ಗೋಜು ಬೇಡ. ಸಂಜೆ 6ರೊಳಗೆ ಕಾಡು ದಾಟಿಬಿಡಿ.

ಒಂದು ಕಾಲದಲ್ಲಿ ಕಾಡುಗಳ್ಳ ವೀರಪ್ಪನ್ ಭಯಕ್ಕೆ ಇದೇ ದಾರಿಗಳು ಕತ್ತಲಾಗುತ್ತಲೇ ಬರಿದಾಗುತ್ತಿದ್ದವು. 2000ನೇ ಇಸವಿಯ ಜುಲೈನಲ್ಲಿ ನಟ ಡಾ. ರಾಜ್‌ಕುಮಾರ್ ಅವರನ್ನು ಅವನು ಅಪಹರಿಸಿದ್ದು ಇಲ್ಲಿಗೆ ಹತ್ತಿರದ ದೊಡ್ಡಗಾಜನೂರಿನಿಂದ. ತಾಳವಾಡಿ ಕಡೆಯ ಆ ಊರು ಅವರ ಹುಟ್ಟೂರು, ತಮಿಳುನಾಡಿಗೆ ಸೇರಿದ ಕನ್ನಡದ ಊರು. 2004ರಲ್ಲಿ ವೀರಪ್ಪನ್ ಕಥೆ ಮುಗಿಯಿತು. ಭಯ ಹೋದಮೇಲೆ ರಾತ್ರಿಯ ಓಡಾಟ ಹೆಚ್ಚಿತು. ಓಡಾಟ ಹೆಚ್ಚಿದಮೇಲೆ ಪ್ರಾಣಿಗಳ ಸಾವು ಹೆಚ್ಚಿತು. ಈಗ ದಾರಿಯನ್ನು ಮುಚ್ಚಿರುವುದು ಆ ಪ್ರಾಣಿಗಳ ಸಲುವಾಗಿ.

ಕಾಡಿನ ಹೊತ್ತು ಇಷ್ಟು. ಬೆಳಿಗ್ಗೆ 6ಕ್ಕೆ ತೆರೆಯುತ್ತದೆ, ಕತ್ತಲಿಗೆ ಮುಚ್ಚುತ್ತದೆ. ಹಾಗಾದರೆ ಆ ಬೆಳಕಿನ ಹೊತ್ತಿನಲ್ಲಿ ಈ ದೊಡ್ಡ ಗಾಡಿ ಎಷ್ಟು ದೂರ ಹೋದೀತು? ಈಗ ಗಾಡಿಯ ವಿಚಾರ.

ಬಾಡಿಗೆಗೆ ಸಿಗುವ ಕ್ಯಾರವಾನುಗಳು ಹೆಚ್ಚಾಗಿ ಟೆಂಪೋ ಟ್ರಾವೆಲರ್ ಅಥವಾ ಸಣ್ಣ ಬಸ್ಸಿನ ಚಾಸಿಯ ಮೇಲೆ ಕಟ್ಟಿದವು. ಉದ್ದ ಇಪ್ಪತ್ತು ಅಡಿ ದಾಟುತ್ತದೆ. ಮಂಚ, ಬೀರು, ನೀರಿನ ಟ್ಯಾಂಕು, ಬ್ಯಾಟರಿಗಳೆಲ್ಲ ಸೇರಿ ತೂಕ ಕೆಲವು ಟನ್. ನೂರು ಲೀಟರ್ ನೀರು ತುಂಬಿಸಿದರೆ ನೂರು ಕಿಲೋ ಏರಿತು ಎಂದೇ ಲೆಕ್ಕ. ಆದ್ದರಿಂದ ಘಟ್ಟ ಹತ್ತುವ ಮುಂಚೆ ಟ್ಯಾಂಕನ್ನು ಪೂರ್ತಿ ತುಂಬಿಸಬೇಡಿ. ನೀರು ಮೇಲೆಯೂ ಸಿಗುತ್ತದೆ.

ಉದ್ದಕ್ಕಿಂತ ಮುಖ್ಯವಾದದ್ದು ಹಿಂದಿನ ಚಕ್ರದಿಂದ ಹಿಂದಕ್ಕೆ ಗಾಡಿ ಎಷ್ಟು ಚಾಚಿಕೊಂಡಿದೆ ಎಂಬುದು. ಹೇರ್‌ಪಿನ್ ತಿರುವಿನಲ್ಲಿ ಮುಂಭಾಗ ಒಳಕ್ಕೆ ತಿರುಗಿದಾಗ ಹಿಂಭಾಗ ಹೊರಕ್ಕೆ ಬೀಸುತ್ತದೆ. ಒಳಗೆ ಕುಳಿತವರಿಗೆ ಅದು ತಿಳಿಯುವುದಿಲ್ಲ. ಎದುರು ಬಂದು ನಿಂತ ಬಸ್ಸಿನವನಿಗೆ ತಿಳಿಯುತ್ತದೆ. ಹೊರಡುವ ಮುನ್ನ ಒಂದು ಬಯಲಿನಲ್ಲಿ ಗಾಡಿಯನ್ನು ಪೂರ್ತಿ ತಿರುಗಿಸಿ, ಒಬ್ಬರು ಹೊರಗೆ ನಿಂತು ನೋಡಿ. ಅರ್ಧ ಗಂಟೆಯ ಕೆಲಸ.

ಇದು ನಮ್ಮ ದೇಶದ ಕಷ್ಟ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ, ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಹೆಸರಾಂತ ಪರ್ವತದ ರಸ್ತೆ ಇದೆ. 1930ರ ದಶಕದ ಆರಂಭದಲ್ಲಿ ತೆರೆದದ್ದು, ಉದ್ದ ಸುಮಾರು 80 ಕಿಲೋಮೀಟರ್. ಸೂರ್ಯನ ಕಡೆಗೆ ಹೋಗುವ ದಾರಿ ಎಂದು ಅದರ ಹೆಸರು. ಅದರ ಕಡಿದಾದ ಭಾಗದಲ್ಲಿ 21 ಅಡಿಗಿಂತ ಉದ್ದದ, ಕನ್ನಡಿಗಳೂ ಸೇರಿ 8 ಅಡಿಗಿಂತ ಅಗಲದ ವಾಹನಗಳನ್ನು ಬಿಡುವುದಿಲ್ಲ. ದೊಡ್ಡ ಕ್ಯಾರವಾನಿನವರು ಅದನ್ನು ಕೆಳಗೆ ನಿಲ್ಲಿಸಿ, ಉದ್ಯಾನದ ಬಸ್ಸು ಹತ್ತಿ ಮೇಲೆ ಹೋಗುತ್ತಾರೆ. ಇದನ್ನು ನೆನಪಿನಲ್ಲಿಡಿ. ನಮ್ಮ ಗೋಪಾಲಸ್ವಾಮಿ ಬೆಟ್ಟಕ್ಕೆ ಬಂದಾಗ ಮತ್ತೆ ಹೇಳುತ್ತೇನೆ.

ಈಗ ಊಟಿಯ ದಾರಿಗೆ ಬನ್ನಿ. ಗುಂಡ್ಲುಪೇಟೆಯಿಂದ ಬಂಡೀಪುರ ಸುಮಾರು 20 ಕಿಲೋಮೀಟರ್. ಮುಂದೆ ಕೆಕ್ಕನಹಳ್ಳದಲ್ಲಿ ರಾಜ್ಯದ ಗಡಿ. ಆಮೇಲೆ ತೆಪ್ಪಕಾಡು. ಅಲ್ಲಿ ಆನೆ ಶಿಬಿರವಿದೆ. ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಮಸಿನಗುಡಿ, ಕಲ್ಲಟ್ಟಿ ಘಟ್ಟ. ಬಲಕ್ಕೆ ಹೋದರೆ ಗೂಡಲೂರು, ನಡುವಟ್ಟಂ, ಪೈಕಾರ. ಎಡದ ದಾರಿ ಸುಮಾರು 30 ಕಿಲೋಮೀಟರ್ ಕಡಿಮೆ. ಆದರೆ ಅದರಲ್ಲಿ 36 ಹೇರ್‌ಪಿನ್ ತಿರುವುಗಳು. ಏರು ಬಹಳ ಕಡಿದು. ಊಟಿಯಿಂದ ಆ ದಾರಿಯಲ್ಲಿ ಕೆಳಗಿಳಿಯಲು ಹೊರಗಿನ ವಾಹನಗಳನ್ನು ಬಿಡುವುದಿಲ್ಲ. ಬ್ರೇಕು ಕೈಕೊಟ್ಟು ಪ್ರಪಾತಕ್ಕೆ ಬಿದ್ದವರು ಅಲ್ಲಿ ಒಬ್ಬಿಬ್ಬರಲ್ಲ. ಕ್ಯಾರವಾನಿಗೆ ಕಲ್ಲಟ್ಟಿ ದಾರಿ ಹತ್ತಲೂ ಬೇಡ, ಇಳಿಯಲೂ ಬೇಡ. ಗೂಡಲೂರಿನ ದಾರಿಯೇ ಸರಿ. ಗುಂಡ್ಲುಪೇಟೆಯಿಂದ ಒಟ್ಟು ಸುಮಾರು 100 ಕಿಲೋಮೀಟರ್. ಕಾರಿನವರು ಮೂರು ಗಂಟೆ ಎಂದರೆ ನೀವು ನಾಲ್ಕೂವರೆ ಗಂಟೆ ಎಂದು ಇಟ್ಟುಕೊಳ್ಳಿ.

ಹತ್ತುವುದು ಕಷ್ಟವೆಂದು ಕಾಣುತ್ತದೆ. ನಿಜವಾದ ಕಷ್ಟ ಇಳಿಯುವುದರಲ್ಲಿ. ಊಟಿ ಇರುವುದು ಸುಮಾರು 2,200 ಮೀಟರ್ ಎತ್ತರದಲ್ಲಿ. ಅಲ್ಲಿಂದ ಗೂಡಲೂರಿಗೆ ಬರುವಾಗ ಸಾವಿರ ಮೀಟರಿಗೂ ಹೆಚ್ಚು ಇಳಿಯಬೇಕು. ಅಷ್ಟು ಇಳಿತದ ವೇಗವನ್ನೆಲ್ಲ ಬ್ರೇಕಿನಿಂದಲೇ ತಡೆಯಹೋದರೆ ಬ್ರೇಕು ಕಾಯುತ್ತದೆ. ಸುಟ್ಟ ವಾಸನೆ ಬರುತ್ತದೆ. ಆಮೇಲೆ ಪೆಡಲ್ ತುಳಿದರೂ ಹಿಡಿಯುವುದಿಲ್ಲ. ಘಾಟಿ ಲಾರಿ ಓಡಿಸಿದವರ ಮಾತೊಂದಿದೆ. ಹತ್ತಿದ ಗೇರಿನಲ್ಲೇ ಇಳಿ. ಎರಡನೇ ಗೇರಿನಲ್ಲಿ ಹತ್ತಿದ ತಿರುವನ್ನು ಎರಡನೇ ಗೇರಿನಲ್ಲೇ ಇಳಿಯಬೇಕು. ಆಗ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಯುವುದು ಪ್ರಾಣ ಕಳೆದುಕೊಳ್ಳುವ ದಾರಿ. ಇಕ್ಕಟ್ಟಿನ ತಿರುವಿನಲ್ಲಿ ಹತ್ತಿಬರುವ ವಾಹನಕ್ಕೆ ಮೊದಲ ಹಕ್ಕು. ಇಳಿಯುವವರು ನಿಂತು ದಾರಿ ಬಿಡಬೇಕು. ಇದು ಮರ್ಯಾದೆಯೂ ಹೌದು, ಕಾನೂನೂ ಹೌದು. ಘಟ್ಟದಲ್ಲಿ ಓಡಿಸಿ ಅಭ್ಯಾಸವಿಲ್ಲದವರು ದಯವಿಟ್ಟು ಈ ದಾರಿಗಳನ್ನು ಬಲ್ಲ ಚಾಲಕರನ್ನು ಜೊತೆಗೆ ಕರೆದುಕೊಂಡು ಹೋಗಿ.

ಕಾಡಿನ ಹೊತ್ತು ನೋಡಿದೆವು, ಗಾಡಿಯ ಅಳತೆ ನೋಡಿದೆವು. ಹೊತ್ತು ಕಡಿಮೆ, ಗಾಡಿ ನಿಧಾನ. ಹಾಗಾದರೆ ರಾತ್ರಿ ಎಲ್ಲಿ? ಕ್ಯಾರವಾನ್ ತೆಗೆದುಕೊಳ್ಳುವುದೇ ಬೇಕೆಂದಲ್ಲಿ ಮಲಗಬಹುದು ಎಂಬ ಆಸೆಗೆ. ಈ ಜಿಲ್ಲೆಯಲ್ಲಿ ಆ ಆಸೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಕಾಡಿನೊಳಗೆ ಮಲಗುವುದಿರಲಿ, ಗಾಡಿ ನಿಲ್ಲಿಸಿ ಕೆಳಗಿಳಿಯುವಂತೆಯೂ ಇಲ್ಲ. ನಿಲ್ಲಿಸಿದರೆ ದಂಡ. ನನ್ನ ಸಲಹೆ ಇದು. ರಾತ್ರಿ ಬಯಲಿನಲ್ಲಿ, ಹಗಲು ಬೆಟ್ಟದಲ್ಲಿ.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಈ ಸೀಮೆಯ ರೈತರು ಕಮಾನು ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೋಗುತ್ತಿದ್ದ ದಿನಗಳನ್ನು ನಿಮ್ಮ ಮನೆಯ ಅಜ್ಜ ಅಜ್ಜಿಯರನ್ನು ಕೇಳಿ. ಬಾಗಿಸಿದ ಬಿದಿರಿನ ಮೇಲೆ ಚಾಪೆ ಹೊದಿಸಿದ ಗಾಡಿ. ಒಳಗೆ ಹುಲ್ಲು ಹಾಸಿ ಅದರ ಮೇಲೆ ಜಮಖಾನ. ಅಕ್ಕಿ, ರಾಗಿಹಿಟ್ಟು, ಬೇಳೆ, ಪಾತ್ರೆ, ಎತ್ತಿನ ಮೇವು, ಎಲ್ಲವೂ ಅದರಲ್ಲೇ. ಹೊತ್ತು ಮುಳುಗುವ ಮುಂಚೆ ಕೆರೆಯೋ ಬಾವಿಯೋ ಇರುವ ಊರಿನ ತೋಪಿನಲ್ಲಿ ಬಿಡಾರ. ಮೂರು ಕಲ್ಲು ಹೂಡಿ ಅಡಿಗೆ. ಬೆಳಕು ಹರಿದಮೇಲೆ ಮತ್ತೆ ಪಯಣ. ಬೆಟ್ಟದ ಬುಡಕ್ಕೆ ಬಂದಾಗ ಗಾಡಿ ಅಲ್ಲೇ. ಮೇಲಕ್ಕೆ ಕಾಲ್ನಡಿಗೆ. ಮಾದಪ್ಪನ ಬೆಟ್ಟವೆಂದೇ ಕರೆಯುವ ಮಲೆ ಮಹದೇಶ್ವರ ಬೆಟ್ಟಕ್ಕೆ ಇಂದಿಗೂ ಸಾವಿರಾರು ಜನ ಬುಡದ ತಾಳಬೆಟ್ಟದಿಂದ ನಡೆದೇ ಹತ್ತುತ್ತಾರೆ. ಚಕ್ರದ ಮೇಲೆ ಮನೆ ಹೊತ್ತವರು ಕತ್ತಲಿಗೆ ಮುಂಚೆ ಊರು ಸೇರುವ ಪದ್ಧತಿಯನ್ನು ಈ ಸೀಮೆ ಎಂದೋ ಮಾಡಿಕೊಂಡಿತ್ತು.

ಇಂದಿನ ತೋಪು ಯಾವುದು? ಗುಂಡ್ಲುಪೇಟೆ, ಹಂಗಳದ ಸುತ್ತ ಹೋಟೆಲುಗಳೂ ಹೋಂಸ್ಟೇಗಳೂ ಸಾಕಷ್ಟಿವೆ. ಚಾಮರಾಜನಗರದಲ್ಲಿ ಲಾಡ್ಜುಗಳಿವೆ. ಮುಂಚಿತವಾಗಿ ಫೋನು ಮಾಡಿ ಮೂರು ಮಾತು ಕೇಳಿ. ಅಂಗಳದಲ್ಲಿ ಗಾಡಿ ನಿಲ್ಲಿಸಲು ಸಮತಟ್ಟು ಜಾಗವಿದೆಯೇ. ಬ್ಯಾಟರಿ ಚಾರ್ಜ್ ಮಾಡಿಕೊಳ್ಳಲು 15 ಆಂಪಿಯರಿನ ಪ್ಲಗ್ಗು ಸಿಗುತ್ತದೆಯೇ. ಶೌಚಾಲಯದ ಟ್ಯಾಂಕನ್ನು ಅವರ ಪಿಟ್‌ಗೆ ಖಾಲಿ ಮಾಡಲು ಬಿಡುತ್ತಾರೆಯೇ.

ಈ ಮೂರನೆಯದರ ಬಗ್ಗೆ ನಾನು ಒತ್ತಿ ಹೇಳಬೇಕು. ಹೊರದೇಶಗಳ ಶಿಬಿರತಾಣಗಳಲ್ಲಿ ಆ ಟ್ಯಾಂಕು ಖಾಲಿ ಮಾಡಲು ಬೇರೆಯೇ ಏರ್ಪಾಡಿರುತ್ತದೆ. ನಮ್ಮ ದಾರಿಗಳಲ್ಲಿ ಇನ್ನೂ ಅದು ಇಲ್ಲವೆಂದೇ ಹೇಳಬೇಕು. ಕತ್ತಲಲ್ಲಿ ರಸ್ತೆಬದಿಯ ಹಳ್ಳಕ್ಕೆ ಬಿಟ್ಟುಬಿಡೋಣ ಎನ್ನಿಸಬಹುದು. ಆ ಹಳ್ಳ ಎಲ್ಲಿಗೆ ಹೋಗುತ್ತದೆ? ಮೂಲೆಹೊಳೆ, ನುಗು ಸೇರುವುದು ಕಬಿನಿಯನ್ನು. ಗುಂಡ್ಲುಹೊಳೆಯೂ ಕಬಿನಿಯ ಕಡೆಗೇ. ಬಿಳಿಗಿರಿ ಸಾಲಿನ ಕಡೆಯಿಂದ ಇಳಿಯುವ ಸುವರ್ಣಾವತಿ ಕಾವೇರಿಗೆ. ಮೋಯಾರ್ ಭವಾನಿಗೆ, ಅಲ್ಲಿಂದ ಮತ್ತೆ ಕಾವೇರಿಗೆ. ಆ ನೀರನ್ನು ಮೊದಲು ಕುಡಿಯುವುದು ಜಿಂಕೆ, ಕಾಟಿ, ಆನೆ. ಆಮೇಲೆ ನಾವು ನೀವು.

ಒಲೆಯ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಬೆಂಕಿಬಿದ್ದು, ಗೋಪಾಲಸ್ವಾಮಿ ಬೆಟ್ಟದ ಸುತ್ತಿನ ಇಳಿಜಾರುಗಳೂ ಸೇರಿ ಸಾವಿರಾರು ಎಕರೆ ಕಾಡು ಬೂದಿಯಾಯಿತು. ಬೇಸಗೆಯಲ್ಲಿ ಇಲ್ಲಿಯ ಕಾಡು ಒಣಗಿದ ಹುಲ್ಲು ಮತ್ತು ತರಗೆಲೆ. ಗಾಡಿಯ ಹೊರಗೆ ಒಲೆ ಹಚ್ಚುವುದು, ಬೀಡಿ ಸಿಗರೇಟಿನ ತುಂಡು ಎಸೆಯುವುದು ಎರಡನ್ನೂ ಮಾಡಬೇಡಿ. ಅಡಿಗೆಯೆಲ್ಲ ಬಯಲಿನ ಬಿಡಾರದಲ್ಲೇ ಮುಗಿಯಲಿ. ಕಾಡು ದಾಟುವಾಗ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿರಲಿ.

ಆಹಾರದ ವಾಸನೆಯೂ ಒಂದು ವಿಚಾರವೇ. ಹಾಸನೂರಿನ ಸುತ್ತ ಕಬ್ಬಿನ ಲಾರಿಗಳನ್ನು ಆನೆಗಳು ತಡೆದು ನಿಲ್ಲಿಸಿ ಕಬ್ಬು ಎಳೆದುಕೊಳ್ಳುವುದನ್ನು ನೀವು ಸುದ್ದಿಯಲ್ಲಿ ಕೇಳಿರುತ್ತೀರಿ. ಕೆಲವರು ಮುದ್ದಿಗೆ ಕಬ್ಬು ಎಸೆದದ್ದು ಆನೆಗೆ ಅಭ್ಯಾಸವಾಯಿತು. ಈಗ ಅದು ರಸ್ತೆಗೆ ಬಂದು ಕಾಯುತ್ತದೆ. ಅಡಿಗೆಮನೆಯನ್ನೇ ಹೊತ್ತು ಹೋಗುವ ಗಾಡಿಯವರು ಬಾಳೆಗೊನೆ, ಕಬ್ಬು, ಹಲಸಿನಹಣ್ಣನ್ನು ತೆರೆದು ಇಡಬಾರದು. ಆನೆ ಎದುರಾದರೆ ದೂರದಲ್ಲೇ ನಿಲ್ಲಿ. ಹಾರ್ನ್ ಬೇಡ, ಇಳಿಯುವುದು ಬೇಡ, ಫೋಟೋ ಬೇಡ. ಅದು ದಾಟಿದಮೇಲೆ ಹೊರಡಿ. ಅದಕ್ಕಾಗಿ ದಿನದ ಲೆಕ್ಕದಲ್ಲಿ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಹೊತ್ತು, ಗಾಡಿ, ಬಿಡಾರ, ಮೂರು ಆಯಿತು. ಇನ್ನು ಯಾವ ತಿಂಗಳು? ಇದನ್ನು ಬೇಗ ಹೇಳಿಬಿಡುತ್ತೇನೆ. ಫೆಬ್ರುವರಿಯಿಂದ ಮಳೆ ಬೀಳುವವರೆಗೆ ಬೆಂಕಿಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಊಟಿಗೆ ಜನಜಂಗುಳಿ. 2024ರ ಮೇ 7ರಿಂದ ನೀಲಗಿರಿ ಜಿಲ್ಲೆಗೆ ಹೋಗುವ ಹೊರಗಿನ ವಾಹನಗಳು ಇ-ಪಾಸ್ ಮಾಡಿಸಿಕೊಳ್ಳಬೇಕು. 2025ರ ಬೇಸಗೆಯಲ್ಲಿ ವಾರದ ದಿನಗಳಿಗೆ 6,000, ವಾರಾಂತ್ಯಕ್ಕೆ 8,000 ವಾಹನ ಎಂದು ಮಿತಿಯನ್ನೂ ಹಾಕಿದರು. ಸಾರ್ವಜನಿಕ ಬಸ್ಸುಗಳಿಗೆ ಆ ಮಿತಿಯಿಲ್ಲ. ಹೊರಡುವ ಮೊದಲು ಆಗಿನ ನಿಯಮ ವಿಚಾರಿಸಿಕೊಳ್ಳಿ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಗುಂಡ್ಲುಪೇಟೆಯ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂವು. ಆದರೆ ಅದೇ ತಿಂಗಳುಗಳಲ್ಲಿ ವಯನಾಡಿನ ಕಡೆ ಭಾರಿ ಮಳೆ. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತದ್ದನ್ನು ನಾವು ಮರೆಯಲಾರೆವು. ಮಳೆಗಾಲದಲ್ಲಿ ಬಲಗೈಯ ಕಡೆಯ ವಯನಾಡಿನ ದಾರಿಯನ್ನು ಬಿಡಿ. ಸೆಪ್ಟೆಂಬರ್ ಒಳ್ಳೆಯದು. ಡಿಸೆಂಬರ್, ಜನವರಿ ಇನ್ನೂ ಒಳ್ಳೆಯದು. ಚಳಿಯಿರುತ್ತದೆ, ಆದರೆ ದಾರಿ ಗಟ್ಟಿಯಾಗಿರುತ್ತದೆ.

ಕಾಲವೂ ತಿಳಿಯಿತು. ಈಗ ದಿನಗಳನ್ನು ಜೋಡಿಸೋಣ.

ಮೊದಲ ದಿನ ಮೈಸೂರಿನಿಂದ ಮಧ್ಯಾಹ್ನ ಊಟ ಮಾಡಿ ಹೊರಟರೂ ಸಂಜೆ 4ರೊಳಗೆ ಗುಂಡ್ಲುಪೇಟೆ. ಬೆಳಕಿರುವಾಗಲೇ ಬಿಡಾರ ಹೂಡಿ. ಚಕ್ರಕ್ಕೆ ಕಲ್ಲು ಕೊಡಿ. ಟೈರಿನ ಗಾಳಿ, ಬ್ರೇಕ್ ಆಯಿಲ್ ನೋಡಿಸಿ.

ಎರಡನೆಯ ದಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಹಂಗಳದಲ್ಲಿ ಬಲಕ್ಕೆ ತಿರುಗಬೇಕು. ಗುಂಡ್ಲುಪೇಟೆಯಿಂದ ಸುಮಾರು 20 ಕಿಲೋಮೀಟರ್. ಇಲ್ಲಿ ಖಾಸಗಿ ವಾಹನವನ್ನು ಮೇಲಕ್ಕೆ ಬಿಡುವುದಿಲ್ಲ. ಬುಡದಲ್ಲಿ ಗಾಡಿ ನಿಲ್ಲಿಸಿ ಸಾರಿಗೆ ಬಸ್ಸು ಹತ್ತಬೇಕು. ಗ್ಲೇಸಿಯರ್ ಉದ್ಯಾನದ ಮಾತು ನೆನಪಾಯಿತೇ? ಬೆಳಿಗ್ಗೆ ಮೊದಲ ಬಸ್ಸುಗಳಲ್ಲೇ ಹೋಗಿ. ಬಸ್ಸು ತಿರುವುಗಳಲ್ಲಿ ಏರುತ್ತಿದ್ದಂತೆ ಗಾಳಿ ತಣ್ಣಗಾಗುತ್ತದೆ, ಕಿವಿ ಗವ್ವೆನ್ನುತ್ತದೆ. ಮೇಲೆ ಸುಮಾರು 1,450 ಮೀಟರ್ ಎತ್ತರ. ಮರಗಳು ಹಿಂದೆ ಉಳಿದು ಬರೀ ಹುಲ್ಲಿನ ದಿಣ್ಣೆಗಳು ಸುತ್ತುವರಿಯುತ್ತವೆ. ಮಂಜು ಕವಿದರೆ ಹತ್ತು ಮಾರು ದೂರದ ಗುಡಿಯೂ ಮರೆಯಾಗುತ್ತದೆ. ಗಂಟೆಯ ಸದ್ದು ಮಾತ್ರ ಕೇಳುತ್ತದೆ. ಮಂಜು ಸರಿದ ಗಳಿಗೆಯಲ್ಲಿ ಕೆಳಗಿನ ಇಳಿಜಾರಿನಲ್ಲಿ ಆನೆಯ ಹಿಂಡು ಮೇಯುತ್ತಿರುವುದು ಕಂಡರೂ ಕಂಡೀತು. ಈ ಸಾಲಿನಲ್ಲಿ ನನಗೆ ಬಹಳ ಪ್ರಿಯವಾದ ಜಾಗ ಇದು. ಖಾಸಗಿ ಗಾಡಿಗಳನ್ನು ತಡೆದದ್ದರಿಂದಲೇ ಇಲ್ಲಿ ಇಷ್ಟು ನಿಶ್ಶಬ್ದ ಉಳಿದಿದೆ. ಬಸ್ಸಿನ ಸಂಚಾರ ಸಂಜೆ 4ರ ಹೊತ್ತಿಗೆಲ್ಲ ಮುಗಿಯುತ್ತದೆ. ರಾತ್ರಿ ಮತ್ತೆ ಗುಂಡ್ಲುಪೇಟೆ.

ಮೂರನೆಯ ದಿನ ಊಟಿ. ಬೆಳಿಗ್ಗೆ 6ಕ್ಕೆ ಗೇಟು ತೆರೆಯುವಾಗ ಮೇಲುಕಾಮನಹಳ್ಳಿಯಲ್ಲಿರಿ. ಪ್ಲಾಸ್ಟಿಕ್ ನೀರಿನ ಬಾಟಲಿ, ಕವರುಗಳನ್ನು ಗುಂಡ್ಲುಪೇಟೆಯಲ್ಲೇ ಬಿಡಿ. ನೀಲಗಿರಿಯಲ್ಲಿ ಅವಕ್ಕೆ ನಿಷೇಧ. ನಡುವಟ್ಟಂ ದಾಟುತ್ತಲೇ ನೀಲಗಿರಿ ಮರದ ಎಣ್ಣೆಯ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಮೇಲೆ ಸಿಗುವ ಬಡಗ ಸಮುದಾಯದವರ ಮಾತಿಗೆ ಕಿವಿಗೊಡಿ, ನಮ್ಮ ಕನ್ನಡದ ನೆಂಟಸ್ತನ ಕೇಳಿಸುತ್ತದೆ. ಅಂದು ಊಟಿಯಲ್ಲೇ ಒಂದು ಹೋಟೆಲಿನ ಅಂಗಳದಲ್ಲಿ ಉಳಿಯಬೇಕು. ಬಯಲಿನ ಬಿಡಾರವೆಂಬ ನನ್ನ ಮಾತಿಗೆ ಇದೊಂದು ವಿನಾಯಿತಿ. ಅದೇ ದಿನ ಹಿಂತಿರುಗಹೊರಟರೆ ಕತ್ತಲಲ್ಲಿ ಘಟ್ಟ ಇಳಿಯಬೇಕಾಗುತ್ತದೆ. ಊಟಿಯ ಎತ್ತರದಲ್ಲಿ ನೀರು ಕುದಿಯುವುದು ನೂರು ಡಿಗ್ರಿಗಲ್ಲ, ಸುಮಾರು 93 ಡಿಗ್ರಿಗೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಕುಕ್ಕರ್ ಒಯ್ಯಿರಿ. ಮರುದಿನ ಬೆಳಿಗ್ಗೆ 10ಕ್ಕೆ ಹೊರಟರೆ ನಡುವೆ ಎರಡು ಕಡೆ ನಿಂತು ಬ್ರೇಕು ತಣಿಸಿಕೊಂಡು, ಮಧ್ಯಾಹ್ನ 3ರ ಹೊತ್ತಿಗೆ ನೆಮ್ಮದಿಯಾಗಿ ಗುಂಡ್ಲುಪೇಟೆ.

ಐದನೆಯ ದಿನ ತೆರಕಣಾಂಬಿಯ ಮೇಲೆ ಚಾಮರಾಜನಗರ. ಇದು ವಿಶ್ರಾಂತಿಯ ದಿನ. ಹಿಂದೆ ಅರಿಕುಠಾರವೆಂದು ಹೆಸರಿದ್ದ ಈ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ನೆನಪಿಗೆ ಈಗಿನ ಹೆಸರಿಟ್ಟರು. ಅವರು 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರ ಗುಡಿಯೂ, ತಂದೆಯವರು ಹುಟ್ಟಿದ ಜಾಗದ ಜನನ ಮಂಟಪವೂ ಇಲ್ಲಿವೆ. ಗಾಡಿ ತೊಳೆಸಿ, ಬಟ್ಟೆ ಒಣಹಾಕಿ.

ಆರನೆಯ ದಿನ ಬಿಳಿಗಿರಿರಂಗನ ಬೆಟ್ಟ. ಕೆ. ಗುಡಿಯ ಕಡೆಯಿಂದಲೂ ದಾರಿಯಿದೆ, ಯಳಂದೂರಿನ ಕಡೆಯಿಂದಲೂ ಇದೆ. ಎರಡಕ್ಕೂ ಅರಣ್ಯ ಇಲಾಖೆಯ ಗೇಟು, ಎರಡಕ್ಕೂ ಹಗಲಿನ ಹೊತ್ತು ಮಾತ್ರ. ಕ್ಯಾರವಾನಿಗೆ ಯಳಂದೂರಿನ ದಾರಿ ವಾಸಿ. ಅದಕ್ಕಿಂತ ವಾಸಿ, ಗಾಡಿಯನ್ನು ಯಳಂದೂರಿನಲ್ಲಿ ಬಿಟ್ಟು ಬಸ್ಸಿನಲ್ಲಿ ಹೋಗುವುದು. ಮೇಲೆ ರಂಗನಾಥನ ಗುಡಿ, ಸುತ್ತ ಸೋಲಿಗ ಬುಡಕಟ್ಟಿನವರ ಪೋಡುಗಳು, ಅಂದರೆ ಹಾಡಿಗಳು. ಹುಲಿ ಸಂರಕ್ಷಿತ ಪ್ರದೇಶದೊಳಗೇ ಇದ್ದು, 2011ರಲ್ಲಿ ಕಾಡಿನ ಮೇಲಿನ ಸಮುದಾಯ ಹಕ್ಕನ್ನು ಪಡೆದವರು ಅವರು. ಅವರ ಮನೆಗಳ ಮುಂದೆ ಕ್ಯಾಮೆರಾ ಹಿಡಿದು ನಿಲ್ಲಬೇಡಿ. ಜೇನು, ಕಾಫಿ ಸಿಕ್ಕರೆ ಅವರಿಂದಲೇ ಕೊಳ್ಳಿ.

ಇನ್ನೂ ಎರಡು ದಿನ ಕೈಯಲ್ಲಿದ್ದರೆ ಕೊಳ್ಳೇಗಾಲ, ಹನೂರಿನ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಬಹುದು. ತಾಳಬೆಟ್ಟದ ತಿರುವುಗಳನ್ನು ಬೆಳಗಿನ ಹೊತ್ತು ಹತ್ತಿ. ಅಮಾವಾಸ್ಯೆ, ಶಿವರಾತ್ರಿ, ದೀಪಾವಳಿಯ ದಿನಗಳನ್ನು ಕ್ಯಾರವಾನಿನವರು ಬಿಟ್ಟುಬಿಡುವುದು ಒಳ್ಳೆಯದು. ಅಂದು ದಾರಿ ತುಂಬ ಉಘೇ ಮಾದಪ್ಪ ಎಂದು ನಡೆದುಬರುವ ಜನ, ಮಕ್ಕಳು, ಮುದುಕರು. ಬೇರೆ ದಿನ ಹೋದರೂ ತಾಳಬೆಟ್ಟದಿಂದ ಮೇಲೆ ಹಾರ್ನ್ ಮಾಡದೆ, ನಡೆಯುವವರ ಹಿಂದೆ ಅವರ ವೇಗದಲ್ಲೇ ಗಾಡಿ ಬಿಡಿ, ಅವರು ಪಕ್ಕಕ್ಕೆ ಸರಿದು ಕೈತೋರಿಸಿದಾಗ ಮುಂದೆ ಹೋಗಿ.